‘ಪಾಲಕೀಯ’ ಎಂಬ ಹೆಸರು: ಮೂರು ಪತ್ರಿಕೆಗಳು ಒಂದು ಗುಂಪಾದ ಬಗೆ

ತಿಮೊಥೆಯನಿಗೆ ಬರೆದ ಎರಡು ಪತ್ರಿಕೆಗಳಲ್ಲಿಯೂ ತೀತನಿಗೆ ಬರೆದ ಪತ್ರಿಕೆಯಲ್ಲಿಯೂ ‘ಕುರುಬ’ ಎಂಬ ಅರ್ಥದ ಗ್ರೀಕ್ ಪದವಾದ ‘ಪೊಯ್‌ಮೆನ್’ ಒಂದು ಸಲವೂ ಬರುವುದಿಲ್ಲ. ಮೇಯಿಸು, ಕಾಯು ಎಂಬ ಅರ್ಥದ ಅದರ ಕ್ರಿಯಾಪದವಿಲ್ಲ; ಹಿಂಡು ಎಂಬ ಮಾತೂ ಇಲ್ಲ. ಆ ಚಿತ್ರ ಬೇಕಾದವರು ಅಪೊಸ್ತಲರ ಕೃತ್ಯಗಳ 20ನೆಯ ಅಧ್ಯಾಯಕ್ಕೆ ಹೋಗಬೇಕು. ಅಲ್ಲಿ ಪೌಲನು ಎಫೆಸದ ಹಿರಿಯರನ್ನು ಮಿಲೇತಕ್ಕೆ ಕರೆಸಿ ಹಿಂಡಿನ ವಿಷಯವಾಗಿ ಎಚ್ಚರಿಸುತ್ತಾನೆ. ಇಲ್ಲವೆ ಎಫೆಸದವರಿಗೆ ಬರೆದ ಪತ್ರಿಕೆಯ 4ನೆಯ ಅಧ್ಯಾಯಕ್ಕೆ, ಇಲ್ಲವೆ ಪೇತ್ರನ ಮೊದಲನೆಯ ಪತ್ರಿಕೆಯ 5ನೆಯ ಅಧ್ಯಾಯಕ್ಕೆ ಹೋಗಬೇಕು. ಹೀಗಿದ್ದರೂ ನಮ್ಮ ದೈವಶಾಸ್ತ್ರ ವಿದ್ಯಾಲಯಗಳ ಪಠ್ಯಕ್ರಮದಲ್ಲಿ, ಪ್ರಶ್ನೆಪತ್ರಿಕೆಗಳಲ್ಲಿ, ವ್ಯಾಖ್ಯಾನ ಗ್ರಂಥಗಳ ಬೆನ್ನಿನ ಮೇಲೆ ‘ಪಾಲಕೀಯ ಪತ್ರಿಕೆಗಳು’ ಎಂಬ ಹೆಸರನ್ನು ಹೊತ್ತಿರುವವು ಈ ಮೂರೇ. ಹಿಂಡನ್ನು ಹೆಸರಿಸುವ ಗ್ರಂಥಗಳಿಗೆ ಆ ಹೆಸರಿಲ್ಲ. ಹೆಸರುಳ್ಳ ಗ್ರಂಥಗಳಲ್ಲಿ ಹಿಂಡಿಲ್ಲ.

ಇದನ್ನು ಬರಿಯ ಪದಚಮತ್ಕಾರವೆಂದು ತಳ್ಳಿಹಾಕಬಹುದು. ಹೆಸರು ಗುರುತಿಗಾಗಿ, ಅರ್ಥಕ್ಕಾಗಿ ಅಲ್ಲ. ಬಿಳಿಗಿರಿ ಎಂಬ ಬೆಟ್ಟ ಬೆಳ್ಳಗಿರಲೇಬೇಕೆಂದು ಯಾರೂ ಹಟ ಹಿಡಿಯುವುದಿಲ್ಲ ಎಂದು ವಾದಿಸಬಹುದು. ಒಂದೇ ವಸ್ತುವಿನ ಹೆಸರಾದರೆ ಈ ವಾದವನ್ನು ಒಪ್ಪೋಣ. ಗುಂಪಿನ ಹೆಸರು ಬೇರೆ ಬಗೆಯದು. ಅದು ಕೆಲವನ್ನು ಒಳಗೆ ಸೇರಿಸಿ ಬೇಲಿ ಹಾಕುತ್ತದೆ. ಒಳಗಿರುವವುಗಳ ನಡುವಣ ವ್ಯತ್ಯಾಸವನ್ನು ಕುಗ್ಗಿಸುತ್ತದೆ, ಹೊರಗಿರುವವುಗಳಿಗೂ ಒಳಗಿರುವವುಗಳಿಗೂ ಇರುವ ಅಂತರವನ್ನು ಹಿಗ್ಗಿಸುತ್ತದೆ. ಬೇಲಿ ಹಾಕಿದವನ ಅನುಕೂಲವು ಕೆಲವು ತಲೆಮಾರು ಕಳೆದ ಮೇಲೆ ವಸ್ತುಗಳ ಸ್ವಭಾವವೆಂದೇ ತೋರಲು ಮೊದಲಾಗುತ್ತದೆ. ಈ ಮೂರು ಪತ್ರಿಕೆಗಳ ವಿಷಯದಲ್ಲಿ ಆದದ್ದು ಅದೇ ಎಂಬುದು ಈ ಲೇಖನದ ವಾದ.

ಸತ್ಯವೇದದ ಗ್ರಂಥಗಳಿಗೆ ಸಾಮೂಹಿಕ ಹೆಸರುಗಳು ಬಂದಿರುವುದು ಒಂದೇ ದಾರಿಯಿಂದಲ್ಲ. ಅತ್ಯಂತ ಹಳೆಯ ದಾರಿ ಚರ್ಮದ ಸುರುಳಿಯದು. ಹೋಶೇಯನಿಂದ ಮಲಾಕಿಯವರೆಗಿನ ಹನ್ನೆರಡು ಮಂದಿ ಪ್ರವಾದಿಗಳನ್ನು ಕ್ರಿ.ಪೂ. ಎರಡನೆಯ ಶತಮಾನದ ಆರಂಭದಲ್ಲಿಯೇ ಸಿರಾಕನ ಗ್ರಂಥವು ಬಿಡಿಬಿಡಿಯಾಗಿ ಹೆಸರಿಸದೆ ‘ಹನ್ನೆರಡು ಪ್ರವಾದಿಗಳು’ ಎಂದು ಒಟ್ಟಾಗಿ ಸ್ಮರಿಸುತ್ತದೆ. ಯೆಹೂದ್ಯರ ಎಣಿಕೆಯಲ್ಲಿ ಈ ಹನ್ನೆರಡೂ ಸೇರಿ ಒಂದೇ ಗ್ರಂಥ. ಒಟ್ಟುಗೂಡಿಸಿದ ಕಾರಣವನ್ನು ತಾಲ್ಮುದಿನ ‘ಬಾಬಾ ಬತ್ರಾ’ ಭಾಗವು ಬಹಳ ಸರಳವಾಗಿ ಹೇಳುತ್ತದೆ: ಹೋಶೇಯನ ಪುಸ್ತಕ ಚಿಕ್ಕದು, ಒಂಟಿಯಾಗಿ ಬರೆದಿಟ್ಟರೆ ಕಳೆದುಹೋದೀತು. ಅಲ್ಲಿ ದೈವಶಾಸ್ತ್ರವಿಲ್ಲ; ಕಳೆದುಹೋಗಬಾರದೆಂಬ ಮನೆಯವರ ಕಾಳಜಿಯಿದೆ, ಅಷ್ಟೇ. ಅದೇ ಭಾಗದಲ್ಲಿ ಲಿಪಿಕಾರರಿಗೆ ಇನ್ನೊಂದು ನಿಯಮವಿದೆ. ಒಂದು ಪ್ರವಾದಿಗ್ರಂಥಕ್ಕೂ ಮತ್ತೊಂದಕ್ಕೂ ನಡುವೆ ನಾಲ್ಕು ಸಾಲು ಖಾಲಿ ಬಿಡಬೇಕು. ಹನ್ನೆರಡರ ಒಳಗಾದರೆ ಮೂರು ಸಾಲು ಸಾಕು. ಒಂದು ಗುಂಪಿನ ಸದಸ್ಯರು ಎಷ್ಟು ಒಂದು, ಎಷ್ಟು ಬೇರೆ ಎಂಬುದನ್ನು ಇದಕ್ಕಿಂತ ನಿಖರವಾಗಿ ಹೇಳಿದ ಮಾತನ್ನು ನಾನು ಬೇರೆಲ್ಲಿಯೂ ಕಂಡಿಲ್ಲ. ಸಾಲು ಬಿಡದೆ ಬೆರೆಸಿಬಿಡಲಿಲ್ಲ. ನಾಲ್ಕು ಸಾಲು ಬಿಟ್ಟು ಬೇರ್ಪಡಿಸಲೂ ಇಲ್ಲ.

ಹೀಗೆ ಕಟ್ಟಿದ ಕಟ್ಟು ಮುಂದೆ ತಾನೇ ಅರ್ಥವನ್ನು ಹುಟ್ಟಿಸತೊಡಗುತ್ತದೆ. ಯೋವೇಲನ ಗ್ರಂಥದ ಕೊನೆಯ ಅಧ್ಯಾಯದಲ್ಲಿ ಚೀಯೋನಿನಿಂದ ಕರ್ತನ ಗರ್ಜನೆ ಕೇಳಿಸುತ್ತದೆ; ಪುಟ ತಿರುಗಿಸಿದರೆ ಆಮೋಸನು ಅದೇ ಗರ್ಜನೆಯಿಂದ ಆರಂಭಿಸುತ್ತಾನೆ. ಹನ್ನೆರಡನ್ನು ಒಂದೇ ಕೃತಿಯಾಗಿ ಓದಬೇಕೆನ್ನುವ ಇತ್ತೀಚಿನ ವಿದ್ವಾಂಸರಿಗೆ ಈ ಕೊಂಡಿ ಬಹಳ ಪ್ರಿಯವಾದದ್ದು. ಆದರೆ ಗ್ರೀಕ್ ಸೆಪ್ತುವಜಿಂತದಲ್ಲಿ ಮೊದಲ ಆರು ಗ್ರಂಥಗಳ ಕ್ರಮ ಬೇರೆ: ಹೋಶೇಯ, ಆಮೋಸ, ಮೀಕ, ಯೋವೇಲ, ಓಬದ್ಯ, ಯೋನ. ಆ ಕ್ರಮದಲ್ಲಿ ಓದಿದ ಆದಿಸಭೆಯ ಗ್ರೀಕ್ ಓದುಗರಿಗೆ ಈ ಕೊಂಡಿ ಕಾಣಿಸುವ ಸಂಭವವೇ ಇರಲಿಲ್ಲ. ಸದಸ್ಯರು ಅವರೇ, ಎಣಿಕೆ ಅದೇ, ಹೆಸರೂ ಅದೇ. ಒಳಗಿನ ಸಾಲು ಬದಲಾದಾಗ ಅರ್ಥವೂ ಬದಲಾಯಿತು.

ಇನ್ನು ‘ಚಿಕ್ಕ ಪ್ರವಾದಿಗಳು’ ಎಂಬ ಹೆಸರು ಲತೀನ್ ಸಭೆಯಿಂದ ಬಂದದ್ದು. ಇವರ ಬರಹಗಳು ಚಿಕ್ಕವು, ಆದುದರಿಂದ ಚಿಕ್ಕವರೆನಿಸಿಕೊಂಡರು ಎಂದು ಆಗಸ್ಟೀನನು ‘ದೇವರ ನಗರ’ದ 18ನೆಯ ಸಂಪುಟದಲ್ಲಿ ವಿವರಿಸಿದ್ದಾನೆ. ವಿವರಣೆ ಸ್ಪಷ್ಟವಾಗಿದ್ದರೂ ಅದು ಹೆಸರಿನ ಜೊತೆಗೆ ಪ್ರಯಾಣ ಮಾಡಲಿಲ್ಲ. ಹೆಸರು ಊರೂರು ತಿರುಗಿತು, ವಿವರಣೆ ಆಗಸ್ಟೀನನ ಪುಟದಲ್ಲಿಯೇ ಉಳಿಯಿತು. ನ್ಯಾಯವು ಹೊಳೆಯಂತೆ ಹರಿಯಬೇಕೆಂದು ಕೂಗಿದ ಆಮೋಸನು ‘ಚಿಕ್ಕವರ’ ಸಾಲಿನಲ್ಲಿ ಕೂತದ್ದರಿಂದ ನಮ್ಮ ಪ್ರಸಂಗಪೀಠಗಳಲ್ಲಿ ಅವನಿಗೆ ಎಷ್ಟು ಭಾನುವಾರಗಳು ನಷ್ಟವಾಗಿವೆಯೋ ಲೆಕ್ಕವಿಟ್ಟವರಿಲ್ಲ.

ಎರಡನೆಯ ದಾರಿ, ಒಬ್ಬನ ಹೆಸರು ಎಲ್ಲರಿಗೂ ಹರಡುವುದು. ಯಾಕೋಬ, ಪೇತ್ರ, ಯೋಹಾನ, ಯೂದ ಇವರ ಏಳು ಪತ್ರಿಕೆಗಳಿಗೆ ‘ಕಥೊಲಿಕ’, ಅಂದರೆ ಸಾರ್ವತ್ರಿಕ ಎಂಬ ಹೆಸರಿದೆ. ಮೊದಲಿಗೆ ಇದು ಗುಂಪಿನ ಹೆಸರಾಗಿರಲಿಲ್ಲ. ಒಂದೊಂದು ಪತ್ರಿಕೆಯನ್ನು ಕುರಿತು, ಇದು ಒಂದು ಊರಿನ ಸಭೆಗಲ್ಲ ಎಲ್ಲರಿಗೂ ಬರೆದದ್ದು ಎಂದು ಹೇಳುವ ವಿಶೇಷಣವಾಗಿತ್ತು. ಒರಿಗೆನನು ಪೇತ್ರನ ಮೊದಲನೆಯ ಪತ್ರಿಕೆಯನ್ನು ಹಾಗೆ ಕರೆಯುತ್ತಾನೆ. ನಾಲ್ಕನೆಯ ಶತಮಾನದ ಆರಂಭದಲ್ಲಿ ಯುಸೇಬಿಯಸನು ತನ್ನ ಸಭಾಚರಿತ್ರೆಯನ್ನು ಬರೆಯುವ ಹೊತ್ತಿಗೆ ‘ಕಥೊಲಿಕ ಎನಿಸಿಕೊಳ್ಳುವ ಏಳು’ ಎಂಬ ಗುಂಪು ಸಿದ್ಧವಾಗಿತ್ತು. ಈ ಏಳರಲ್ಲಿ ಯೋಹಾನನ ಮೂರನೆಯ ಪತ್ರಿಕೆಯೂ ಇದೆ. ಅದು ಗಾಯನೆಂಬ ಒಬ್ಬ ಮನುಷ್ಯನಿಗೆ ಬರೆದ ಚೀಟಿ. ಪೇತ್ರನ ಮೊದಲನೆಯ ಪತ್ರಿಕೆಯಾದರೂ ಪೊಂತ, ಗಲಾತ್ಯ, ಕಪ್ಪದೋಕ್ಯ, ಆಸ್ಯ, ಬಿಥೂನ್ಯ ಎಂಬ ಐದು ಪ್ರಾಂತಗಳ ವಿಳಾಸವನ್ನು ಹೊತ್ತಿದೆ. ವಿಶೇಷಣವು ಗುಂಪಿನ ಹೆಸರಾದಾಗ ತನಗೆ ಒಪ್ಪದವರನ್ನೂ ಒಳಗೆ ಎಳೆದುಕೊಂಡಿತು. ಕನ್ನಡದಲ್ಲಿ ನಾವು ಇವನ್ನು ‘ಸಾಮಾನ್ಯ ಪತ್ರಿಕೆಗಳು’ ಎಂದಾಗ ಇನ್ನೊಂದು ಅನರ್ಥವನ್ನೂ ಸೇರಿಸಿದೆವು. ಸಂಸ್ಕೃತದಲ್ಲಿ ‘ಎಲ್ಲರಿಗೂ ಸಮಾನವಾದ’ ಎಂಬ ಅರ್ಥವಿರುವ ಪದ ಕನ್ನಡದ ಬಾಯಲ್ಲಿ ‘ವಿಶೇಷವೇನೂ ಇಲ್ಲದ’ ಎಂದಾಗಿದೆ. ರೋಮಾಪುರದವರಿಗೆ ಬರೆದದ್ದು ಮಹತ್ವದ ಪತ್ರಿಕೆ, ಯಾಕೋಬನದು ಸಾಮಾನ್ಯ ಪತ್ರಿಕೆ ಎಂದು ವಿದ್ಯಾರ್ಥಿ ಕೇಳಿಸಿಕೊಂಡರೆ ತಪ್ಪು ಅವನದಲ್ಲ.

ಮೂರನೆಯದು ಉಪಕರಣದ ದಾರಿ. ಅದನ್ನು ಕುರಿತು ಹೆಚ್ಚು ಹೇಳಬೇಕಾಗಿಲ್ಲ. ಗ್ರೀಸ್‌ಬಾಖನು 1774ರಲ್ಲಿ ಮತ್ತಾಯ, ಮಾರ್ಕ, ಲೂಕರ ಪಾಠಗಳನ್ನು ಒಂದೇ ನೋಟಕ್ಕೆ ಕಾಣುವಂತೆ ಅಕ್ಕಪಕ್ಕದ ಅಂಕಣಗಳಲ್ಲಿ ಅಚ್ಚು ಹಾಕಿಸಿದನು. ಆ ಅಚ್ಚಿನ ವಿನ್ಯಾಸದ ಹೆಸರೇ ಕಾಲಕ್ರಮದಲ್ಲಿ ಆ ಮೂರು ಸುವಾರ್ತೆಗಳ ಹೆಸರಾಯಿತು. ಅಂಕಣಗಳಲ್ಲಿ ಕೂರದ ಯೋಹಾನನು ಹೊರಗುಳಿದನು.

ಪಾಲಕೀಯ ಪತ್ರಿಕೆಗಳ ಹೆಸರು ನಾಲ್ಕನೆಯ ದಾರಿಯಿಂದ, ಅಂದರೆ ಪಾಠಶಾಲೆಯಿಂದ ಬಂದದ್ದು. ಗುಂಪು ಹಳೆಯದು, ಹೆಸರು ಹೊಸದು ಎಂಬ ಭೇದವನ್ನು ಇಲ್ಲಿ ಮೊದಲೇ ಗುರುತಿಸಬೇಕು. ಮುರಾತೋರಿಯು 1740ರಲ್ಲಿ ಪ್ರಕಟಿಸಿದ, ಅವನ ಹೆಸರಿನಿಂದಲೇ ಪ್ರಸಿದ್ಧವಾದ ಲತೀನ್ ಪಟ್ಟಿಯಲ್ಲಿ ಪೌಲನು ಸಭೆಗಳಿಗೆ ಬರೆದ ಪತ್ರಿಕೆಗಳಾದ ಮೇಲೆ ಫಿಲೆಮೋನನಿಗೆ ಒಂದು, ತೀತನಿಗೆ ಒಂದು, ತಿಮೊಥೆಯನಿಗೆ ಎರಡು ಎಂದು ನಾಲ್ಕು ಪತ್ರಿಕೆಗಳು ಒಟ್ಟಿಗೆ ಬರುತ್ತವೆ. ಇವು ಅಕ್ಕರೆಯಿಂದಲೂ ಪ್ರೀತಿಯಿಂದಲೂ ಬರೆದವು, ಆದರೂ ಸಭೆಯ ಶಿಸ್ತಿನ ಏರ್ಪಾಟಿಗಾಗಿ ಮಾನ್ಯವಾದವು ಎಂಬುದು ಆ ಪಟ್ಟಿಯ ಅಭಿಪ್ರಾಯ. ಅಲ್ಲಿ ಗುಂಪು ಮೂರರದಲ್ಲ, ನಾಲ್ಕರದು. ಕಟ್ಟುವ ದಾರ ವ್ಯಕ್ತಿಗೆ ಬರೆದದ್ದು ಎಂಬುದು. ಮೂರನೆಯ ಶತಮಾನದ ಆರಂಭದಲ್ಲಿ ತೆರ್ತುಲ್ಯನು ಮಾರ್ಕಿಯೋನನನ್ನು ಖಂಡಿಸುವಾಗ ಈ ನಾಲ್ಕರಲ್ಲಿ ಒಂದನ್ನು ಬೇರ್ಪಡಿಸುತ್ತಾನೆ: ಒಬ್ಬ ಮನುಷ್ಯನಿಗೆ ಬರೆದ ಫಿಲೆಮೋನನ ಪತ್ರಿಕೆಯನ್ನು ಒಪ್ಪಿದವನು ಸಭೆಯ ಸ್ಥಿತಿಗತಿಯನ್ನು ಕುರಿತ ಉಳಿದ ಮೂರನ್ನು ಏಕೆ ತಿರಸ್ಕರಿಸಿದನು ಎಂದು ಅವನಿಗೆ ಆಶ್ಚರ್ಯ. ಮೂರರ ಗುಂಪು ಅಲ್ಲಿ ಮೂಡಿತು. ಅಕ್ಕರೆಯ ದಾರ ಕಡಿದು ಏರ್ಪಾಟಿನ ದಾರ ಉಳಿದದ್ದೂ ಅಲ್ಲಿಯೇ. ಹದಿಮೂರನೆಯ ಶತಮಾನದಲ್ಲಿ ತೋಮಸ್ ಅಕ್ವಿನಾಸನು ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರಿಕೆಯನ್ನು ಕುರಿತು ಇದು ಪಾಲಕರ ನಿಯಮವಿದ್ದಂತೆ ಎಂದನು. ಅದು ಒಂದು ಪತ್ರಿಕೆಯನ್ನು ಕುರಿತ ಮಾತು, ಅದೂ ‘ಇದ್ದಂತೆ’ ಎಂಬ ಎಚ್ಚರಿಕೆಯೊಡನೆ.

ಆಮೇಲೆ 1703ರಲ್ಲಿ ಬೆರ್ಡೋಟ್ ಎಂಬ ವಿದ್ವಾಂಸನು ತೀತನ ಪತ್ರಿಕೆಗೆ ಈ ವಿಶೇಷಣವನ್ನು ಹಚ್ಚಿದನು. ಮೂರಕ್ಕೂ ಸೇರಿ ಅದನ್ನು ಹೆಸರಾಗಿ ನೆಲೆಗೊಳಿಸಿದವನು ಜರ್ಮನಿಯ ಹಾಲೆ ವಿಶ್ವವಿದ್ಯಾಲಯದ ಪಾಲ್ ಆಂಟೋನ್. ಅವನು 1726ರಿಂದ ಈ ಮೂರು ಪತ್ರಿಕೆಗಳ ಮೇಲೆ ಕೊಟ್ಟ ಉಪನ್ಯಾಸಗಳು ಅವನು ತೀರಿಕೊಂಡ ಮೇಲೆ 1753–55ರಲ್ಲಿ ಪುಸ್ತಕವಾಗಿ ಬಂದವು. ಪುಸ್ತಕದೊಡನೆ ಹೆಸರೂ ಹರಡಿತು. ಸ್ಥಳವನ್ನು ಗಮನಿಸಬೇಕು. ಹಾಲೆಯು ಭಕ್ತಿಪಂಥದ ಕೇಂದ್ರ. ಪಾಲಕರ ತರಬೇತಿ ಪಾಂಡಿತ್ಯದ ಪ್ರದರ್ಶನವಾಗದೆ ಜೀವಿತದ ಶಿಕ್ಷಣವಾಗಬೇಕೆಂದು 1675ರಲ್ಲಿ ಸ್ಪೇನರನು ಮಾಡಿದ ಮೊರೆಗೆ ಕಟ್ಟಡದ ರೂಪ ಬಂದ ಊರು. ಫ್ರಾಂಕೆಯ ಗೆಳೆಯನಾಗಿದ್ದ ಆಂಟೋನನ ಮುಂದೆ ಕುಳಿತಿದ್ದವರು ನಾಳೆ ಸಭೆಗಳಿಗೆ ಹೋಗಬೇಕಾದ ಯುವಕರು. 1706ರಲ್ಲಿ ತರಂಗಂಬಾಡಿಗೆ ಬಂದಿಳಿದ ಚೀಗನ್‌ಬಾಲ್ಗನೂ ಇದೇ ಹಾಲೆಯ ಬಳಗದವನು. ಆ ತರಗತಿಗೆ ಆ ಹೆಸರು ಬಹಳ ಒಪ್ಪುವಂಥದು. ಈ ಪತ್ರಿಕೆಗಳು ಏನು ಎಂಬುದಕ್ಕಿಂತ ಇವನ್ನು ಯಾರು, ಏಕೆ ಓದುತ್ತಿದ್ದಾರೆ ಎಂಬುದನ್ನು ಅದು ಹೇಳುತ್ತಿತ್ತು. ಪಾಠದ ಉದ್ದೇಶವು ಪಠ್ಯದ ಹೆಸರಾಯಿತು.

ಇದರಲ್ಲಿ ತಪ್ಪೇನಿಲ್ಲ. ತೊಡಕು ಹುಟ್ಟಿದ್ದು ಮುಂದಿನ ಶತಮಾನದಲ್ಲಿ. 1807ರಲ್ಲಿ ಶ್ಲೈಯರ್‌ಮಾಖರನು ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರಿಕೆ ಪೌಲನದಲ್ಲವೆಂದು ವಾದಿಸಿದನು. ಅವನ ವಾದದ ಆಧಾರ ಕುತೂಹಲಕರವಾದದ್ದು: ಉಳಿದೆರಡು ಪತ್ರಿಕೆಗಳು ಪೌಲನವು, ಅವುಗಳಿಂದ ಮಾತುಗಳನ್ನು ಆಯ್ದು ಯಾರೋ ಮೊದಲನೆಯದನ್ನು ಹೆಣೆದಿದ್ದಾರೆ ಎಂಬುದು. ಅಂದರೆ ಈ ಮೂರನ್ನು ಕುರಿತ ಆಧುನಿಕ ವಿಮರ್ಶೆ ಆರಂಭವಾದದ್ದು ಮೂರರ ನಡುವಣ ವ್ಯತ್ಯಾಸದಿಂದ. ಐದು ವರ್ಷಗಳೊಳಗೆ, 1812ರಲ್ಲಿ, ಐಖ್‌ಹಾರ್ನನು ಆ ತೀರ್ಪನ್ನು ಮೂರಕ್ಕೂ ವಿಸ್ತರಿಸಿದನು. ಒಂದರ ಲಕ್ಷಣಗಳು ಉಳಿದವುಗಳಲ್ಲಿಯೂ ಇವೆ, ಆದುದರಿಂದ ಮೂರರ ಗತಿಯೂ ಒಂದೇ. 1835ರಲ್ಲಿ ಬೌರನು ಮೂರನ್ನೂ ಎರಡನೆಯ ಶತಮಾನಕ್ಕೆ ಇಳಿಸಿ ಜ್ಞಾನವಾದಿಗಳ ವಿರುದ್ಧದ ಬರಹಗಳೆಂದು ವಿವರಿಸಿದನು. ಅವನ ಪುಸ್ತಕದ ಶೀರ್ಷಿಕೆಯಲ್ಲಿ ‘ಪಾಲಕೀಯ ಪತ್ರಿಕೆಗಳೆಂದು ಕರೆಯಲ್ಪಡುವ’ ಎಂಬ ಅರ್ಥದ ಪದವಿದೆ. ಅವನಿಗೆ ಹೆಸರಿನ ಮೇಲೆ ನಂಬಿಕೆಯಿರಲಿಲ್ಲ. ಗುಂಪಿನ ಮೇಲೆ ಮಾತ್ರ ಎಳ್ಳಷ್ಟೂ ಸಂದೇಹವಿರಲಿಲ್ಲ.

1921ರಲ್ಲಿ ಹ್ಯಾರಿಸನ್ ಪ್ರಕಟಿಸಿದ ಪದಗಣನೆ ಈ ಕಥೆಯ ತುದಿ. ವ್ಯಕ್ತಿ-ಸ್ಥಳನಾಮಗಳನ್ನು ಬಿಟ್ಟರೆ ಈ ಮೂರು ಪತ್ರಿಕೆಗಳಲ್ಲಿ 848 ಬೇರೆಬೇರೆ ಪದಗಳಿವೆ. ಅವುಗಳಲ್ಲಿ 306 ಪದಗಳು ಪೌಲನ ಹೆಸರಿನ ಉಳಿದ ಹತ್ತು ಪತ್ರಿಕೆಗಳಲ್ಲಿ ಎಲ್ಲಿಯೂ ಇಲ್ಲ. 175 ಪದಗಳು ಹೊಸ ಒಡಂಬಡಿಕೆಯಲ್ಲಿಯೇ ಬೇರೆಲ್ಲಿಯೂ ಇಲ್ಲ. ಮೂರರಲ್ಲಿ ಒಂದಕ್ಕಿಂತ ಹೆಚ್ಚು ಪಾಲು ಹೊಸ ಪದಗಳು! ಈ ಅಂಕೆಗಳು ಇಂದಿಗೂ ನಮ್ಮ ವಿದ್ಯಾರ್ಥಿಗಳ ಉತ್ತರಪತ್ರಿಕೆಗಳಲ್ಲಿ ಕಂಠಪಾಠವಾಗಿ ಇಳಿಯುತ್ತವೆ. ಆದರೆ ಎಣಿಕೆಯು ಆರಂಭವಾಗುವ ಮೊದಲೇ ಒಂದು ತೀರ್ಮಾನವಾಗಿತ್ತು: ಒಂದು ಕಡೆ ಮೂರು, ಇನ್ನೊಂದು ಕಡೆ ಹತ್ತು. ಆ ಮೂರನ್ನು ಒಂದೇ ರಾಶಿಯಾಗಿ ಹಾಕಿದ ಕಾರಣವೇನು? ಅವು ಪಾಲಕೀಯ ಪತ್ರಿಕೆಗಳು ಎಂಬುದೇ. ರಾಶಿ ಹಾಕಿ ಅಳೆದ ಮೇಲೆ ಬಂದ ಫಲವೇನು? ಪಾಲಕೀಯ ಪತ್ರಿಕೆಗಳು ಒಂದು ಪ್ರತ್ಯೇಕ ಗುಂಪು ಎಂಬುದು. ಹೆಸರು ಕೊಟ್ಟು ಹೆಸರನ್ನೇ ಸಿದ್ಧಪಡಿಸಿದಂತಾಯಿತು. ಪೌಲನ ಕರ್ತೃತ್ವವನ್ನು ಸಮರ್ಥಿಸುವವರು ಇದಕ್ಕೆ ಹೊರತಲ್ಲ ಎಂಬುದನ್ನೂ ಹೇಳಬೇಕು. ಅವರೂ ಮೂರನ್ನೂ ಒಟ್ಟಿಗೆ ಕಾಪಾಡಲು ನಿಲ್ಲುತ್ತಾರೆ. ಒಂದು ಹೋದರೆ ಮೂರೂ ಹೋದಾವು ಎಂಬ ಅವರ ಅಂಜಿಕೆಗೂ ಬೇಲಿಯೇ ಕಾರಣ.

ಗುಂಪಿಗೆ ಆಧಾರವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಹಾಗೆ ಹೇಳುವುದು ಪಠ್ಯಕ್ಕೆ ಅನ್ಯಾಯ. ‘ಈ ಮಾತು ನಂಬತಕ್ಕದ್ದು’ ಎಂಬ ಸೂತ್ರ ಐದು ಸಲ ಬರುತ್ತದೆ: ತಿಮೊಥೆಯನ ಮೊದಲನೆಯ ಪತ್ರಿಕೆಯಲ್ಲಿ ಮೂರು ಸಲ, ಎರಡನೆಯದರಲ್ಲಿ ಒಂದು ಸಲ, ತೀತನಲ್ಲಿ ಒಂದು ಸಲ. ಪೌಲನ ಬೇರಾವ ಪತ್ರಿಕೆಯಲ್ಲಿಯೂ ಅದಿಲ್ಲ. ಉಪದೇಶವನ್ನು ದೇಹದಂತೆ ಎಣಿಸಿ ‘ಸ್ವಸ್ಥವಾದ’ ಬೋಧನೆ ಎನ್ನುವುದು ಮೂರರಲ್ಲಿಯೂ ಇದೆ. ‘ಯುಸೆಬೆಯಾ’ ಎಂಬ ಭಕ್ತಿವಾಚಕ ಪದ ಮೂರರಲ್ಲಿ ಸೇರಿ ಹತ್ತು ಸಲ ಬರುತ್ತದೆ, ಉಳಿದ ಪೌಲಪತ್ರಿಕೆಗಳಲ್ಲಿ ಒಂದು ಸಲವೂ ಬರುವುದಿಲ್ಲ. ಕ್ರಿಸ್ತನ ಬರುವಿಕೆಗೆ ‘ಪ್ರತ್ಯಕ್ಷತೆ’ ಎಂಬ ಮಾತನ್ನು ಬಳಸುವ ಒಲವು ಮೂರಕ್ಕೂ ಸಮಾನ. ಈ ನಂಟನ್ನು ಕಣ್ಣಿದ್ದವರು ಅಲ್ಲಗಳೆಯಲಾರರು. ಪ್ರಶ್ನೆ ನಂಟಿದೆಯೇ ಎಂಬುದಲ್ಲ. ಅದು ಮೂರು ಸಾಲಿನ ನಂಟೋ, ಸಾಲೇ ಬಿಡದ ನಂಟೋ ಎಂಬುದು. ನುಡಿಗಟ್ಟಿನಲ್ಲಿ ಒಡಹುಟ್ಟಿದವರಾದ ಮಾತ್ರಕ್ಕೆ ಸಂದರ್ಭ, ಉದ್ದೇಶ, ಪ್ರಕಾರಗಳಲ್ಲಿಯೂ ಒಂದೇ ಆಗಬೇಕಾಗಿಲ್ಲ. ‘ಪಾಲಕೀಯ’ ಎಂಬ ಹೆಸರು ಹೇಳುವುದು ನುಡಿಗಟ್ಟನ್ನಲ್ಲ, ಉದ್ದೇಶವನ್ನು. ಮತ್ತು ಉದ್ದೇಶದಲ್ಲಿಯೇ ಇವು ಹೆಚ್ಚು ಬೇರೆಬೇರೆ.

ಮೊದಲು ತೀತನನ್ನು ನೋಡೋಣ. ಕ್ರೇತದ್ವೀಪದಲ್ಲಿ ಸಭೆಗಳು ಹೊಸವು. ಊರೂರಿಗೆ ಹಿರಿಯರನ್ನು ನೇಮಿಸುವ ಕೆಲಸವೇ ಇನ್ನೂ ಬಾಕಿಯಿದೆ. ಅಲ್ಲಿ ಹಿರಿಯನೂ ಸಭಾಧ್ಯಕ್ಷನೂ ಒಬ್ಬನೇ ಎಂಬಂತೆ ಒಂದು ಪದದಿಂದ ಇನ್ನೊಂದು ಪದಕ್ಕೆ ವಾಕ್ಯ ಸರಿಯುತ್ತದೆ. ಸಭಾಸೇವಕರ ಮಾತೇ ಇಲ್ಲ, ವಿಧವೆಯರ ಪಟ್ಟಿಯಿಲ್ಲ. ತಿಮೊಥೆಯನ ಮೊದಲನೆಯ ಪತ್ರಿಕೆಯ ಎಫೆಸವಾದರೋ ವರ್ಷಗಳ ಸಭೆ. ಅಲ್ಲಿ ಸಭಾಧ್ಯಕ್ಷರಿದ್ದಾರೆ, ಸಭಾಸೇವಕರಿದ್ದಾರೆ, ಹಿರಿಯರ ಗೌರವಧನದ ಪ್ರಶ್ನೆಯಿದೆ, ಹಿರಿಯನ ಮೇಲೆ ದೂರು ಬಂದರೆ ಎಷ್ಟು ಸಾಕ್ಷಿ ಬೇಕೆಂಬ ವಿಚಾರವಿದೆ, ಅರುವತ್ತು ವರ್ಷ ದಾಟಿದ ವಿಧವೆಯರ ಪಟ್ಟಿಯಿದೆ. ಈ ಎರಡು ಪತ್ರಿಕೆಗಳ ಯೋಗ್ಯತಾಪಟ್ಟಿಗಳನ್ನು ಬೆಸೆದು ‘ಪಾಲಕನಿಗಿರಬೇಕಾದ ಗುಣಗಳು’ ಎಂದು ಒಂದೇ ಪಟ್ಟಿಯನ್ನಾಗಿ ಮಾಡುವುದು ನಮ್ಮ ತರಗತಿಗಳ ವಾಡಿಕೆ. ಗುರು ಅಭಿಷೇಕದ ಪ್ರಸಂಗಗಳಲ್ಲಿಯೂ ಅದನ್ನೇ ಕೇಳುತ್ತೇವೆ. ಬೆಸೆಯುವಾಗ ಮುಚ್ಚಿಹೋಗುವುದು ಒಂದೇ ಒಂದು ಅಂಶ, ಆದರೆ ಅದು ಎಂಥ ಅಂಶ! ಸಭಾಧ್ಯಕ್ಷನು ಹೊಸದಾಗಿ ನಂಬಿದವನಾಗಿರಬಾರದು ಎಂಬ ನಿಷೇಧ ಎಫೆಸಕ್ಕೆ ಬರೆದದ್ದರಲ್ಲಿದೆ, ಕ್ರೇತಕ್ಕೆ ಬರೆದದ್ದರಲ್ಲಿಲ್ಲ. ಇರಲು ಸಾಧ್ಯವೂ ಇರಲಿಲ್ಲ. ಕ್ರೇತದಲ್ಲಿ ಎಲ್ಲರೂ ಹೊಸಬರೇ.

ಇದು ಪುಸ್ತಕದ ಸೂಕ್ಷ್ಮ ಮಾತ್ರವಲ್ಲ. ಎರಡು-ಮೂರು ತಲೆಮಾರುಗಳ ಪಟ್ಟಣದ ಸಭೆಗೂ ನಿನ್ನೆ ಮೊನ್ನೆ ನಂಬಿಕೆಗೆ ಬಂದ ಕುಟುಂಬಗಳ ಹಳ್ಳಿಯ ಸಭೆಗೂ ಒಂದೇ ಅಳತೆಗೋಲನ್ನು ಹಿಡಿದಾಗ ಹಳ್ಳಿಯ ಸಭೆಗೆ ತನ್ನವರೇ ಆದ ಹಿರಿಯರು ಎಂದಿಗೂ ಸಿಗುವುದಿಲ್ಲ. ಅದು ಯಾವಾಗಲೂ ಬೇರೆಡೆಯಿಂದ ಬರುವವರನ್ನು ಕಾಯುತ್ತಲೇ ಇರುತ್ತದೆ. ಆ ಅಳತೆಗೋಲು ಸತ್ಯವೇದದ್ದೆಂದು ನಾವು ಹೇಳುತ್ತೇವೆ. ಅದು ಸತ್ಯವೇದದ ಒಂದು ಪತ್ರಿಕೆಯದು. ಇನ್ನೊಂದು ಪತ್ರಿಕೆ ಅದನ್ನು ಕೇಳುವುದಿಲ್ಲ.

ಸ್ತ್ರೀಯರ ಉಪದೇಶದ ಪ್ರಶ್ನೆಯಲ್ಲಿಯೂ ಇದೇ ಬೆಸುಗೆ ಕೆಲಸ ಮಾಡಿದೆ. ತಿಮೊಥೆಯನ ಮೊದಲನೆಯ ಪತ್ರಿಕೆಯ 2ನೆಯ ಅಧ್ಯಾಯದ ನಿರ್ಬಂಧವನ್ನು ‘ಪಾಲಕೀಯ ಪತ್ರಿಕೆಗಳ ನಿಲುವು’ ಎಂದು ಬಹುವಚನದಲ್ಲಿ ಉಲ್ಲೇಖಿಸುವುದು ರೂಢಿ. ನಿಲುವಾದರೂ ಒಂದು ಪತ್ರಿಕೆಯದೇ. ತೀತನ 2ನೆಯ ಅಧ್ಯಾಯದಲ್ಲಿ ಹಿರಿಯ ಸ್ತ್ರೀಯರಿಗೆ ‘ಸದ್ಬೋಧಕಿ’ ಎಂಬ ಅರ್ಥ ಕೊಡುವ ಒಂದು ಪದ ದೊರೆಯುತ್ತದೆ. ಅವರು ಬೋಧಿಸಬೇಕಾದದ್ದು ಎಳೆಯ ಸ್ತ್ರೀಯರಿಗೆ ಎಂಬ ಮಿತಿ ಅಲ್ಲಿದೆಯೆಂಬುದು ನಿಜ. ಆದರೂ ಬೋಧನೆಯೇ ನಿಷಿದ್ಧವೆಂಬ ಧ್ವನಿ ಅಲ್ಲಿಲ್ಲ. ತಿಮೊಥೆಯನ ಎರಡನೆಯ ಪತ್ರಿಕೆಯಲ್ಲಿ ನಂಬಿಕೆಯು ಅಜ್ಜಿ ಲೋವಿಯಿಂದ ತಾಯಿ ಯೂನಿಕೆಗೆ, ಯೂನಿಕೆಯಿಂದ ಮಗನಿಗೆ ಬಂದಿದೆ. ಪ್ರಿಸ್ಕಳಿಗೆ ವಂದನೆ ಹೋಗಿದೆ. ಈ ಮೂರೂ ಒಂದೇ ಮಾತನ್ನು ಆಡುತ್ತಿವೆಯೇ ಎಂಬ ಚರ್ಚೆ ಪ್ರಾಮಾಣಿಕವಾಗಿ ನಡೆಯಲಿ. ಸಾಮೂಹಿಕ ಹೆಸರು ಆ ಚರ್ಚೆಯನ್ನು ಆರಂಭಕ್ಕೆ ಮುಂಚೆಯೇ ಮುಗಿಸಿಬಿಡುತ್ತದೆ ಎಂಬುದೇ ನನ್ನ ಆಕ್ಷೇಪ.

ಹೆಸರಿನಿಂದ ಅತ್ಯಂತ ಹೆಚ್ಚು ನಷ್ಟವಾಗಿರುವುದು ತಿಮೊಥೆಯನ ಎರಡನೆಯ ಪತ್ರಿಕೆಗೆ. ಅದರಲ್ಲಿ ಸಭಾಧ್ಯಕ್ಷನಿಲ್ಲ, ಹಿರಿಯರಿಲ್ಲ, ಸಭಾಸೇವಕರ ಹುದ್ದೆಯಿಲ್ಲ, ಯೋಗ್ಯತೆಯ ಪಟ್ಟಿಯಿಲ್ಲ, ಆರಾಧನೆಯ ಕ್ರಮವಿಲ್ಲ. ಬೇಡಿಯಲ್ಲಿರುವ ಮುದುಕನೊಬ್ಬನು ಮಗನಂಥವನಿಗೆ ಬರೆದ ಕಡೆಯ ಮಾತು ಅದು. ಪ್ರಕಾರದಿಂದ ಅದು ಮರಣಶಾಸನ. ಮೊದಲನೆಯ ಪತ್ರಿಕೆಯಲ್ಲಿ ತಿಮೊಥೆಯನ ಮೇಲೆ ಹಸ್ತಗಳನ್ನಿಟ್ಟವರು ಹಿರಿಯರ ಸಭೆ. ಎರಡನೆಯದರಲ್ಲಿ ಪೌಲನ ಸ್ವಂತ ಹಸ್ತಗಳು. ಎರಡೂ ಒಂದೇ ಘಟನೆಯೆಂದು ಹೊಂದಿಸಲು ವ್ಯಾಖ್ಯಾನಕಾರರು ಪಡುವ ಶ್ರಮವನ್ನು ನೋಡಿದರೆ ಮರುಕವಾಗುತ್ತದೆ. ಅಲ್ಲಿ ಸುವಾರ್ತಾಸೇವಕನಿಗೆ ಕೊಟ್ಟ ಹೋಲಿಕೆಗಳು ಮೂರು: ಸೈನಿಕ, ಪಂದ್ಯದಲ್ಲಿ ಹೋರಾಡುವವ, ಬೇಸಾಯಗಾರ. ಕುರುಬನು ನಾಲ್ಕನೆಯವನಾಗಿಯೂ ಬರುವುದಿಲ್ಲ. ಮರ್ಫಿ-ಓಕಾನರ್ 1991ರಲ್ಲಿ ಬರೆದ ಲೇಖನದಲ್ಲಿ ಈ ಪತ್ರಿಕೆಯನ್ನು ಉಳಿದೆರಡಕ್ಕೆ ಎದುರಾಗಿಟ್ಟು ತೂಗಿ ನೋಡಿದರು. 2001ರ ತಮ್ಮ ವ್ಯಾಖ್ಯಾನದಲ್ಲಿ ಲ್ಯೂಕ್ ತಿಮೊಥಿ ಜಾನ್ಸನ್ ತಿಮೊಥೆಯನ ಪತ್ರಿಕೆಗಳನ್ನು ಒಂದೊಂದಾಗಿ ಓದಬೇಕೆಂದು ವಾದಿಸಿದರು. 2006ರಲ್ಲಿ ಟೌನರ್ ತಮ್ಮ ದೊಡ್ಡ ವ್ಯಾಖ್ಯಾನಕ್ಕೆ ‘ತಿಮೊಥೆಯನಿಗೂ ತೀತನಿಗೂ ಬರೆದ ಪತ್ರಿಕೆಗಳು’ ಎಂದೇ ಹೆಸರಿಟ್ಟರು. ಈ ಮೂವರೂ ಒಂದೇ ತೀರ್ಮಾನಕ್ಕೆ ಬಂದವರಲ್ಲ. ಅದರಿಂದಲೇ ಅವರ ಸಾಕ್ಷ್ಯಕ್ಕೆ ತೂಕ ಹೆಚ್ಚು.

ನಮ್ಮ ಭಾಷೆಯ ಒಂದು ವಿಷಯವನ್ನೂ ಇಲ್ಲಿ ಸೇರಿಸಬೇಕು. ಕನ್ನಡ ಸತ್ಯವೇದದಲ್ಲಿ ಕರ್ತನು ‘ಕುರುಬ’. ಕೀರ್ತನೆಯಲ್ಲಿಯೂ ಯೋಹಾನನ ಸುವಾರ್ತೆಯಲ್ಲಿಯೂ ಅನುವಾದಕರು ಈ ಅಚ್ಚಗನ್ನಡ ಪದವನ್ನೇ ಹಿಡಿದರು. ಕಂಬಳಿ ಹೊದ್ದು ಕುರಿಯ ಹಿಂದೆ ನಡೆಯುವ ಮನುಷ್ಯನ ವಾಸನೆ ಆ ಪದಕ್ಕಿದೆ. ಆತನ ಸೇವಕನಿಗೆ ಬಂದಾಗ ಮಾತ್ರ ‘ಸಭಾಪಾಲಕ’ ಎಂದು ಸಂಸ್ಕೃತಕ್ಕೆ ಏರಿದೆವು. ಗ್ರೀಕಿನಲ್ಲಿ ಎರಡೂ ಒಂದೇ ಪದ. ‘ಪಾಲಕ’ ಎಂಬುದರಲ್ಲಿ ಕಾಯುವ ಅರ್ಥವಿದ್ದರೂ ಲೋಕಪಾಲ, ರಾಜ್ಯಪಾಲ, ಆಜ್ಞಾಪಾಲನೆ ಎಂಬ ಮಾತುಗಳ ನೆರೆಯಲ್ಲಿ ಅದು ಆಳುವ ಅರ್ಥಕ್ಕೆ ವಾಲಿದೆ. ಹೀಗಾಗಿ ‘ಪಾಲಕೀಯ ಪತ್ರಿಕೆಗಳು’ ಎಂದಾಗ ಕನ್ನಡದ ಕಿವಿಗೆ ಬೀಳುವುದು ಹಾಲೆಯ ತರಗತಿಗೆ ಕೇಳಿಸಿದ್ದಕ್ಕಿಂತಲೂ ಒಂದು ಮೆಟ್ಟಿಲು ಎತ್ತರದ ಮಾತು: ಆಡಳಿತದ ಪತ್ರಿಕೆಗಳು. ಸಭಿಕರು ಇವನ್ನು ಅಯ್ಯನವರ ಪುಸ್ತಕಗಳೆಂದು ಬದಿಗಿಟ್ಟರೆ ಆಶ್ಚರ್ಯವಿಲ್ಲ. ತೀತನಿಗೆ ಬರೆದದ್ದರಲ್ಲಿ ಸಭಾಧ್ಯಕ್ಷನಿಗೆ ನಿಜವಾಗಿ ಕೊಟ್ಟಿರುವ ಚಿತ್ರವನ್ನು ನಮ್ಮ ಹಳೆಯ ಅನುವಾದ ‘ಮನೆವಾರ್ತೆಯವನು’ ಎಂದು ಕನ್ನಡಿಸಿದೆ. ಯಜಮಾನನ ಮನೆಯಲ್ಲಿ ಕೀಲಿಕೈ ಇಟ್ಟುಕೊಂಡು ಉಗ್ರಾಣ ನೋಡಿಕೊಳ್ಳುವ ಆಳು ಅವನು, ಅವನೂ ಆಳೇ. ತಿಮೊಥೆಯನ ಮೊದಲನೆಯ ಪತ್ರಿಕೆಯಲ್ಲಿ ಸಭೆಯು ದೇವರ ಮನೆ. ಆ ಎರಡು ಪತ್ರಿಕೆಗಳಿಗೆ ಅವುಗಳೊಳಗಿನಿಂದಲೇ ಹೆಸರು ಹುಡುಕುವುದಾದರೆ ಅದು ಮನೆವಾರ್ತೆಯ ಸುತ್ತ ಸಿಗಬೇಕು, ಹಿಂಡಿನ ಸುತ್ತ ಅಲ್ಲ.

ಹೊಸ ಹೆಸರನ್ನು ಹುಟ್ಟಿಸಬೇಕೆಂಬ ಉತ್ಸಾಹ ನನಗಿಲ್ಲ. ಹೊಸ ಹೆಸರೂ ಗುಂಪಿನ ಹೆಸರೇ. ಅದೂ ನೂರು ವರ್ಷಗಳಲ್ಲಿ ಬೇಲಿಯಾದೀತು. ‘ಅಪೊಸ್ತಲೀಯ ಪಿತೃಗಳು’ ಎಂಬ ಹೆಸರನ್ನು ನೋಡಿರಿ: ಕೊತೆಲ್ಯೇ 1672ರಲ್ಲಿ ಅಪೊಸ್ತಲರ ಕಾಲದ ಪಿತೃಗಳೆಂದು ಕೆಲವರ ಬರಹಗಳನ್ನು ಒಟ್ಟುಗೂಡಿಸಿದನು, 1883ರಲ್ಲಿ ‘ದಿದಾಖೆ’ ಮೊದಲ ಬಾರಿಗೆ ಅಚ್ಚಾದಾಗ, ಬರೆದ ಪಿತೃ ಯಾರೆಂದೇ ತಿಳಿಯದ ಆ ಪುಸ್ತಕವೂ ಅದೇ ಮನೆಗೆ ಬಂದು ಸೇರಿತು. ಹೆಸರು ಎದ್ದು ನಿಂತ ಮೇಲೆ ಸದಸ್ಯರನ್ನು ತಾನೇ ಕರೆದುಕೊಳ್ಳುತ್ತದೆ. ಗ್ರಂಥಾಲಯದ ಕಪಾಟಿಗೆ, ಪರೀಕ್ಷೆಯ ವೇಳಾಪಟ್ಟಿಗೆ ‘ಪಾಲಕೀಯ’ ಎಂಬ ಚೀಟಿ ಇರಲಿ. ಆದರೆ ವ್ಯಾಖ್ಯಾನದ ವಾಕ್ಯದಲ್ಲಿ ಅದು ಕರ್ತೃಪದವಾಗಬಾರದು. ‘ಪಾಲಕೀಯ ಪತ್ರಿಕೆಗಳು ಹೇಳುತ್ತವೆ’ ಎಂದು ವಿದ್ಯಾರ್ಥಿ ಬರೆದಾಗ, ಯಾವುದು ಹೇಳುತ್ತದೆ, ಉಳಿದೆರಡು ಏನು ಹೇಳುತ್ತವೆ ಎಂದು ಅಂಚಿನಲ್ಲಿ ಕೇಳುವ ಅಧ್ಯಾಪಕರು ಬೇಕು. ಪಾಠಕ್ರಮದಲ್ಲಿ ತೀತನನ್ನು ಮೊದಲು, ತಿಮೊಥೆಯನ ಮೊದಲನೆಯದನ್ನು ಆಮೇಲೆ ಓದಿಸಿ, ಎರಡನೆಯದನ್ನು ಫಿಲಿಪ್ಪಿಯವರಿಗೆ ಬರೆದ ಸೆರೆಮನೆಯ ಪತ್ರಿಕೆಯ ಜೊತೆಗೆ ಒಂದು ಸಲ, ಅಪೊಸ್ತಲರ ಕೃತ್ಯಗಳ 20ನೆಯ ಅಧ್ಯಾಯದ ಬೀಳ್ಕೊಡುಗೆಯ ಮಾತಿನೊಡನೆ ಇನ್ನೊಂದು ಸಲ ಓದಿಸಿ ನೋಡಬಹುದು. ಮುರಾತೋರಿಯ ಪಟ್ಟಿಯಂತೆ ಫಿಲೆಮೋನನನ್ನು ನಾಲ್ಕನೆಯವನಾಗಿ ಕರೆದುಕೊಂಡೂ ಓದಬಹುದು. ಆಗ ಅಕ್ಕರೆ ಎಂಬ ಮಾತಿಗೆ ಮತ್ತೆ ಎಡೆ ಸಿಕ್ಕೀತು.

ಏಕೆಂದರೆ ಈಗಿನ ಚೌಕಟ್ಟಿನಲ್ಲಿ ಎಡೆಯೇ ಇಲ್ಲದ ವಾಕ್ಯಗಳಿವೆ. ತಿಮೊಥೆಯನ ಎರಡನೆಯ ಪತ್ರಿಕೆಯ ಕೊನೆಯ ಅಧ್ಯಾಯದಲ್ಲಿ ದೇಮನು ಬಿಟ್ಟುಹೋಗಿದ್ದಾನೆ, ತೀತನು ದಲ್ಮಾತ್ಯಕ್ಕೆ ಹೋಗಿದ್ದಾನೆ, ಲೂಕನೊಬ್ಬನೇ ಜೊತೆಗಿದ್ದಾನೆ, ತ್ರೊಫಿಮನನ್ನು ಅಸ್ವಸ್ಥನಾಗಿ ಮಿಲೇತದಲ್ಲಿ ಬಿಟ್ಟು ಬರಬೇಕಾಯಿತು. ತ್ರೋವದಲ್ಲಿ ಕರ್ಪನ ಬಳಿ ಬಿಟ್ಟ ಮೇಲಂಗಿಯನ್ನೂ ಪುಸ್ತಕಗಳನ್ನೂ, ಮುಖ್ಯವಾಗಿ ಚರ್ಮದ ಕಾಗದಗಳನ್ನೂ ತರಬೇಕೆಂದು, ಚಳಿಗಾಲಕ್ಕೆ ಮುಂಚೆಯೇ ಬರಬೇಕೆಂದು ಕೇಳಿಕೆಯಿದೆ. ನಮ್ಮ ವ್ಯಾಖ್ಯಾನ ಗ್ರಂಥಗಳು ಈ ಹದಿಮೂರು ವಚನಗಳನ್ನು ‘ವೈಯಕ್ತಿಕ ಟಿಪ್ಪಣಿಗಳು’ ಎಂಬ ಉಪಶೀರ್ಷಿಕೆಯ ಕೆಳಗೆ ಎರಡು ಪುಟಗಳಲ್ಲಿ ಮುಗಿಸುತ್ತವೆ. ಪ್ರಶ್ನೆಪತ್ರಿಕೆಯಲ್ಲಿ ಇವುಗಳ ಮೇಲೆ ಪ್ರಶ್ನೆ ಬಂದದ್ದನ್ನು ನಾನಂತೂ ಕಂಡಿಲ್ಲ.